ಫ್ರಿಜ್ಜಿಗೆ ಜ್ವರ ಬಂದ ವಾರ

ಮೈನಸ್ ನಲವತ್ತು ಡಿಗ್ರಿ ಚಳಿಯಲ್ಲಿ ಯಾವ ವಸ್ತು ಏನಾಗುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ರಬ್ಬರು ಕಟ್ಟಿಗೆಯಾಗುತ್ತದೆ, ಗ್ರೀಸು ಮೇಣವಾಗುತ್ತದೆ, ಬ್ಯಾಟರಿ ಜೀವ ಬಿಡುತ್ತದೆ. ಹೈದರಾಬಾದಿನ ಪೂರ್ವದ ತುದಿಯಲ್ಲಿರುವ ಒಂದು ಕೇಂದ್ರ ಸರಕಾರಿ ಕಾರ್ಖಾನೆಯಲ್ಲಿ ನಾನು ಪರೀಕ್ಷಾ ವಿಭಾಗದ ಇಂಜಿನಿಯರು. ಸೈನ್ಯಕ್ಕೆ ಹೋಗುವ ಪೆಟ್ಟಿಗೆಗಳನ್ನು ಆಳೆತ್ತರದ ಶೀತಲ ಕೋಣೆಯೊಳಗಿಟ್ಟು, ಹದಿನಾರು ತಾಸು ಚಳಿ ಹಿಡಿಸಿ, ಬದುಕಿ ಬಂದವಕ್ಕೆ ಹಸಿರು ಚೀಟಿ, ಸತ್ತು ಬಂದವಕ್ಕೆ ಕೆಂಪು ಚೀಟಿ ಹಚ್ಚುವುದು ನನ್ನ ಕೆಲಸ. ಇಂಥ ನಾನು 2006ರ ಮೇ ತಿಂಗಳಲ್ಲಿ ಒಂದು ವಾರ ಪೂರ್ತಿ ಅರ್ಧ ಲೀಟರ್ ಹಾಲನ್ನು ಕೆಡದಂತೆ ಇಡಲಾಗದೆ ಒದ್ದಾಡಿದೆ. ಅಷ್ಟೇ ಆಗಿದ್ದರೆ ಹಾಲು ಚೆಲ್ಲಿ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಹಾಲಿನ ಜೊತೆಗೆ ಒಬ್ಬ ಮನುಷ್ಯನ ಹೆಸರನ್ನೂ ಕೆಡಿಸಿದೆ. ಅದಕ್ಕೇ ಹೇಳಬೇಕಾಗಿದೆ.

ಆಗ ನಾವು ತಾರ್ನಾಕದಲ್ಲಿ ಬಾಡಿಗೆಗೆ ಇದ್ದೆವು. ನಾನು, ಹೆಂಡತಿ ಶೈಲಾ, ನಮ್ಮವ್ವ ಸುಗಲಮ್ಮ. ಶೈಲಾಗೆ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅಂದರೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬೇರೆಯವರ ತಪ್ಪು ಹಿಡಿದು ಸಂಬಳ ತರುವವರೇ. ಒಂದೇ ವ್ಯತ್ಯಾಸವೆಂದರೆ, ಅವಳು ಕೇಳಿ ತಿಳಿದುಕೊಂಡ ಮೇಲೆ ತಪ್ಪೆಂದು ಬರೆಯುತ್ತಾಳೆ. ದಿನಾ ಊರಿನ ಆ ತುದಿಯಿಂದ ಈ ತುದಿಗೆ ಬಸ್ಸಿನಲ್ಲಿ ಹೋಗಿ ಬಂದು ಅವಳ ಮುಖ ಸೊರಗಿತು. ಕೊನೆಗೆ ನಾವೇ ಕೊಂಡಾಪುರಕ್ಕೆ ಮನೆ ಬದಲಿಸುವುದೆಂದು ತೀರ್ಮಾನವಾಯಿತು. ಬಸ್ಸಿನ ಸುಖ ನನ್ನ ಪಾಲಿಗೆ ಬಂತು.

ಆಗಿನ ಕೊಂಡಾಪುರ ಹೇಗಿತ್ತೆಂದರೆ, ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಿಂದ ಹೆಸರು ಬರೆಯಬಹುದಿತ್ತು. ಎತ್ತ ನೋಡಿದರೂ ಕಟ್ಟಡ ಏಳುತ್ತಿತ್ತು. ನಮ್ಮದು ಆಗಷ್ಟೇ ಮುಗಿದ ಐದು ಅಂತಸ್ತಿನ ಅಪಾರ್ಟ್‌ಮೆಂಟು, ಮೂರನೇ ಮಹಡಿ. ಲಿಫ್ಟಿಗೆ ಗುಂಡಿ ಇತ್ತು, ಲಿಫ್ಟ್ ಇನ್ನೂ ಬಂದಿರಲಿಲ್ಲ. ಪಕ್ಕದ ಸೈಟಿನಲ್ಲಿ ಇನ್ನೊಂದು ಕಟ್ಟಡದ ಕೆಲಸ ಕೊನೆಯ ಹಂತದಲ್ಲಿತ್ತು. ಅದರ ಕೂಲಿಯವರ ತಗಡಿನ ಶೆಡ್ಡುಗಳಿಂದ ನಮ್ಮ ರಾಯಚೂರು ಸೀಮೆಯ ಕನ್ನಡ ಕೇಳಿಬರುತ್ತಿತ್ತು.

ಸಾಮಾನು ಸಾಗಿಸುವಾಗ ಫ್ರಿಜ್ಜಿನ ಉಸ್ತುವಾರಿಯನ್ನು ನಾನೇ ವಹಿಸಿಕೊಂಡೆ. ಅದು ನಮ್ಮ ಮದುವೆಯ ವರ್ಷ ಕೊಂಡ ಒಂದೇ ಬಾಗಿಲಿನ ಫ್ರಿಜ್ಜು. ಲಾರಿಯವರು ತಂದ ರಟ್ಟಿನ ಹಾಳೆ ನನಗೆ ಸರಿಕಾಣಲಿಲ್ಲ. ಅವ್ವನ ಟ್ರಂಕಿನಿಂದ, ಅವ್ವನನ್ನು ಕೇಳದೆ, ಎಲ್ಲಕ್ಕಿಂತ ದಪ್ಪನೆಯ ಕೌದಿಯನ್ನು ತೆಗೆದುಕೊಂಡೆ. ಅಪ್ಪ ತೀರಿಕೊಂಡ ಮೇಲೆ ಅವರ ಧೋತರ, ತನ್ನ ಹಳೆಯ ಇಳಕಲ್ ಸೀರೆ, ನಾನು ಸಣ್ಣವನಿದ್ದಾಗ ಹಾಕಿಕೊಂಡ ಅಂಗಿಗಳನ್ನು ಪದರ ಪದರವಾಗಿ ಇಟ್ಟು ಅವ್ವ ಒಂದು ಇಡೀ ಬೇಸಿಗೆ ಕೂತು ಹೊಲಿದ ಕೌದಿ ಅದು. ಅದನ್ನು ಫ್ರಿಜ್ಜಿನ ಬೆನ್ನಿಗೆ ಹೊದಿಸಿ, ಜಾರದ ಹಾಗೆ ಅಲ್ಲಲ್ಲಿ ಸುತಳಿ ಬಿಗಿದು, ಮೇಲೆ ಹಗ್ಗ ಕಟ್ಟಿದೆ. ನಮ್ಮ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟಲು ಒಂದು ಗಂಟು ಹಾಕುತ್ತೇವೆ. ಅದನ್ನು ಹಾಕಲು ಬರುವವರು ಇಡೀ ವಿಭಾಗದಲ್ಲಿ ಮೂರು ಜನ, ಅದರಲ್ಲಿ ನಾನೊಬ್ಬ.

ಭಾನುವಾರ ಲಾರಿ ಬಂದು ನಿಂತಿತು. ಹಮಾಲರು ಮೂರು ಮಹಡಿ ಹತ್ತಿ ಇಳಿದು ಎಲ್ಲ ಸಾಮಾನನ್ನೂ ಮೇಲೆ ಹಾಕಿದರು. ಫ್ರಿಜ್ಜಿನ ಸರದಿ ಬಂದಾಗ ನಾನು ಅಡ್ಡ ನಿಂತೆ. ವಾರೆ ಮಾಡಬಾರದು, ಮಲಗಿಸಬಾರದು, ಕಂಪ್ರೆಸರಿನ ಎಣ್ಣೆ ಕೊಳವೆಗೆ ಹೋಗುತ್ತದೆ ಎಂದು ಪಾಠ ಶುರು ಮಾಡಿದೆ. ಐದು ನಿಮಿಷ ಕೇಳಿದ ಹಮಾಲರು, ‘ತೋ ಆಪ್ ಹೀ ಉಠಾಲೋ ಸಾಬ್’ ಎಂದು ನನಗೇ ಎತ್ತಿಕೊಳ್ಳಲು ಹೇಳಿ ಅದನ್ನು ಗೇಟಿನ ಬಳಿ ಬಿಟ್ಟು ಹೋದರು.

ಬಿಸಿಲಲ್ಲಿ ನಾನೂ ಫ್ರಿಜ್ಜೂ ಜೋಡಿಯಾಗಿ ನಿಂತಿದ್ದಾಗ ಪಕ್ಕದ ಶೆಡ್ಡಿನಿಂದ ಅಮರಯ್ಯ ಬಂದ. ಮಸ್ಕಿ ಕಡೆಯವನು, ಸೆಂಟ್ರಿಂಗ್ ಕೆಲಸದವನು, ನಲವತ್ತರ ಆಸುಪಾಸು. ಹಿಂದೆ ಅವನ ಹೆಂಡತಿ ಯಂಕಮ್ಮ. ‘ನೆಟ್ಟಗ ಒಯ್ಬೇಕೇನ್ರಿ ಸರ್ರ? ಒಯ್ಯೋಣ ಬಿಡ್ರಿ’ ಎಂದ. ಹೆಗಲಿಗೆ ಹಗ್ಗ ಹಾಕಿಕೊಂಡು ಫ್ರಿಜ್ಜನ್ನು ಬೆನ್ನಿಗೆ ಹೊತ್ತ. ಯಂಕಮ್ಮ ಹಿಂದಿನಿಂದ ಎರಡೂ ಕೈ ಕೊಟ್ಟಳು. ನಾನು ಮುಂದೆ ಮುಂದೆ ಮೆಟ್ಟಿಲು ಹತ್ತುತ್ತ ‘ನೆಟ್ಟಗ, ನೆಟ್ಟಗ’ ಎಂದು ಕೂಗಿದೆ. ಅದು ನನ್ನ ಕೊಡುಗೆ.

ಅಡುಗೆಮನೆಯಲ್ಲಿ ಅಮರಯ್ಯ ಫ್ರಿಜ್ಜು ಇಳಿಸಿ ಹಗ್ಗ ಬಿಚ್ಚಿದ. ನಾನು ಅಷ್ಟರಲ್ಲಿ ಕಾರ್ಖಾನೆಯಿಂದ ತಂದಿದ್ದ ಮಟ್ಟಗೋಲನ್ನು ಫ್ರಿಜ್ಜಿನ ತಲೆಯ ಮೇಲಿಟ್ಟು, ಅದರೊಳಗಿನ ಗುಳ್ಳೆಯನ್ನೇ ನೋಡುತ್ತಿದ್ದೆ. ಅಮರಯ್ಯ ಏನೋ ಕೇಳಿದ. ‘ನೀ ಬಿಡು, ಹಿಂದಿಂದು ನಾ ನೋಡ್ಕೋತೀನಿ. ಮೊದಲು ಗ್ವಾಡಿಗೆ ಹಚ್ಚು’ ಅಂದೆ. ಅವನು ಗೋಡೆಗೆ ಹಚ್ಚಿದ. ನಾನು ಕಾಲಿನ ತಿರುಪು ತಿರುಗಿಸಿ, ಗುಳ್ಳೆ ಎರಡು ಗೀಟಿನ ನಟ್ಟನಡುವೆ ಬರುವ ತನಕ ಮುಕ್ಕಾಲು ತಾಸು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದೆ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಯಂತ್ರವನ್ನು ಒಮ್ಮೆ ಮಟ್ಟ ಮಾಡಿದ ಮೇಲೆ ತಿರುಪಿಗೂ ನೆಲಕ್ಕೂ ಸೇರಿಸಿ ಒಂದು ಬೊಟ್ಟು ಕೆಂಪು ಬಣ್ಣ ಹಚ್ಚುತ್ತೇವೆ. ಯಾರಾದರೂ ಅಲುಗಾಡಿಸಿದರೆ ಬಣ್ಣ ಬಿರುಕು ಬಿಟ್ಟು ಗೊತ್ತಾಗುತ್ತದೆ. ಮನೆಯಲ್ಲಿ ಆ ಬಣ್ಣ ಇರಲಿಲ್ಲ. ಶೈಲಾಳ ನೇಲ್ ಪಾಲಿಶ್ ಇತ್ತು. ನಾಲ್ಕೂ ಕಾಲಿಗೆ ಹಚ್ಚಿದೆ. ಆಮೇಲೆ ಒಂದು ಚೀಟಿಯಲ್ಲಿ ‘ಅಲುಗಾಡಿಸಬಾರದು’ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ ಬಾಗಿಲಿಗೆ ಅಂಟಿಸಿದೆ. ಮನೆಯಲ್ಲಿದ್ದವರು ಮೂರೇ ಜನ.

ಚಹಾ ಕುಡಿಯುವಾಗ ಅಮರಯ್ಯ ಲೋಟವನ್ನೇ ನೋಡುತ್ತ ಕೇಳಿದ. ‘ಸರ್ರ, ಈ ಬಿಲ್ಡಿಂಗಿಗೆ ವಾಚ್‌ಮನ್ ಬೇಕಂತ. ಸೆಕ್ರೆಟರಿ ಸಾಹೇಬ್ರು ಮುಂದಿನ ಐತವಾರ ಮೀಟಿಂಗಿನಾಗ ಹೇಳ್ತಾರಂತ. ನೀವೊಂದು ಮಾತು ಹಾಕ್ತೀರೇನ್ರಿ?’

ಯಂಕಮ್ಮ ನಡುವೆ ಬಾಯಿ ಹಾಕಿದಳು. ‘ಕೆಳಗ ಖೋಲಿನೂ ಕೊಡ್ತಾರಂತ್ರಿ. ನಾಕು ವರ್ಷದಾಗ ನಮಗ ಒಂಬತ್ತು ಶೆಡ್ ಆದ್ವು. ಈ ಸೈಟೂ ತಿಂಗಳಿಗೆ ಮುಗೀತೈತಿ. ಮಗಳು ಇಲ್ಲೇ ಸಾಲಿಗೆ ಹೊಂಟಾಳ, ಮತ್ತ ಬಿಡಿಸಬೇಕಾಗ್ತೈತಿ.’

‘ಚಿಂತಿ ಬಿಡ್ರಿ. ನಾ ಅದೀನಿ’ ಅಂದೆ. ಅಪಾರ್ಟ್‌ಮೆಂಟಿಗೆ ಬಂದು ಮೂರು ತಾಸಾಗಿತ್ತು. ಸೆಕ್ರೆಟರಿಯ ಮುಖವನ್ನೇ ನಾನು ನೋಡಿರಲಿಲ್ಲ.

ಸಾಗಿಸಿದ ಫ್ರಿಜ್ಜನ್ನು ಕೂಡಲೇ ಚಾಲೂ ಮಾಡಬಾರದು, ಎಣ್ಣೆ ಕೆಳಗೆ ಇಳಿಯಬೇಕು. ಇದು ನಿಜ. ಈ ಕತೆಯಲ್ಲಿ ನಾನು ಹೇಳಿದ ನಿಜ ಇದೊಂದೇ ಇರಬೇಕು. ‘ಪುಸ್ತಕದಾಗ ಮೂರ್ನಾಕು ತಾಸು ಸಾಕು ಅಂತ ಬರದೈತ್ರಿ’ ಎಂದಳು ಶೈಲಾ. ‘ಅದು ಸಾಮಾನ್ಯ ಮಂದಿಗೆ. ನಾವು ಇಪ್ಪತ್ನಾಕು ತಾಸು ಬಿಡ್ತೀವಿ’ ಅಂದೆ. ನಲವತ್ತು ಡಿಗ್ರಿ ಸೆಕೆಯಲ್ಲಿ ಬಂದ್ ಫ್ರಿಜ್ಜಿನ ಮುಂದೆ ಕೂತು ನಾವು ಬಿಸಿನೀರು ಕುಡಿದೆವು.

ಸೋಮವಾರ ಸಂಜೆ ಗುಂಡಿ ಒತ್ತಿದೆ. ಮಂಗಳವಾರ ಬೆಳಿಗ್ಗೆ ಹಾಲು ಒಡೆದಿತ್ತು. ಐಸಿನ ತಟ್ಟೆಯಲ್ಲಿ ನೀರಿನ ಮೇಲೆ ತೆಳ್ಳನೆಯ ಕೆನೆಯಷ್ಟು ಮಂಜು ಕಟ್ಟಿತ್ತು. ಕೆಳಗಿನ ಅಂಕಣದಲ್ಲಿ ಸೊಪ್ಪು ಬೆವತು ಮಲಗಿತ್ತು. ಮೋಟಾರು ಮಾತ್ರ ಒಂದು ಕ್ಷಣವೂ ನಿಲ್ಲದೆ ಗುಂಯ್ ಅನ್ನುತ್ತಿತ್ತು.

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷದ ವಿದ್ಯೆ ಮನೆಯವರ ಎದುರು ತೋರಿಸಲು ಒಂದು ಅವಕಾಶ. ಫ್ರಿಜ್ಜಿನೊಳಗೆ ಮೂರು ಕಡೆ ಥರ್ಮಾಮೀಟರ್ ಇಟ್ಟೆ. ಎರಡು ತಾಸಿಗೊಮ್ಮೆ ಬರೆಯಲು ಗೆರೆ ಹೊಡೆದ ಹಾಳೆ ಮಾಡಿದೆ. ನಾನು ಕಾರ್ಖಾನೆಗೆ ಹೋದಾಗ ಬರೆಯುವ ಕೆಲಸ ಅವ್ವನದು. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಬಿಗಿಯಾಗಿತ್ತು. ಕರೆಂಟು ಅಳೆದೆ, ಸರಿಯಾಗಿತ್ತು. ಒಳಗಿನ ತಿರುಗುಗುಂಡಿಯನ್ನು ಏಳಕ್ಕೆ ಇಟ್ಟೆ. ಮಂಗಳವಾರ ಸಂಜೆಗೆ ಒಳಗೆ ಹದಿನೇಳು ಡಿಗ್ರಿ, ಬುಧವಾರ ಬೆಳಿಗ್ಗೆ ಹದಿನೆಂಟು. ನಾನು ಮಾಡಿದ ಒಂದೊಂದು ಪರೀಕ್ಷೆಗೂ ಅದು ಇನ್ನಷ್ಟು ಬಿಸಿಯಾಗುತ್ತಿತ್ತು.

ಮಂಗಳವಾರ ಸಂಜೆಯೇ ಅವ್ವ ಟ್ರಂಕು ತೆಗೆದು ನನ್ನನ್ನು ಕೂಗಿದ್ದಳು. ‘ಕಾಶಿ, ದಪ್ಪ ಕೌದಿ ಕಾಣವಲ್ದು.’

ಫ್ರಿಜ್ಜಿಗೆ ಸುತ್ತಲು ನಾನೇ ತೆಗೆದುಕೊಂಡಿದ್ದೆ ಎಂದು ಹೇಳಿದೆ. ‘ಮತ್ತ ಈಗ ಎಲ್ಲೈತಿ?’ ಎಂದಳು. ಹಗ್ಗ ಬಾಲ್ಕನಿಯಲ್ಲಿತ್ತು, ಕೌದಿ ಇರಲಿಲ್ಲ. ಮಂಚದ ಕೆಳಗೆ, ಅಟ್ಟದ ಮೇಲೆ, ಬಿಚ್ಚದ ಗಂಟುಗಳಲ್ಲಿ ನೋಡಿದೆವು. ಎಲ್ಲಿಯೂ ಇರಲಿಲ್ಲ. ಮೂರು ಥರ್ಮಾಮೀಟರ್ ಇಟ್ಟೂ ಫ್ರಿಜ್ಜಿನ ರೋಗ ಹಿಡಿಯಲಾಗದ ನಾನು, ಕೌದಿಯ ವಿಷಯದಲ್ಲಿ ಅರ್ಧ ನಿಮಿಷಕ್ಕೆ ತೀರ್ಪು ಕೊಟ್ಟೆ. ಹಗ್ಗ ಬಿಚ್ಚಿದ್ದು ಯಾರು? ಅಮರಯ್ಯ. ಅಲ್ಲಿಗೆ ಮುಗಿಯಿತು.

‘ಅವನ್ನ ಕೇಳಿದ್ರೇನು?’ ಎಂದಳು ಶೈಲಾ.

‘ಕೇಳೋದೇನೈತಿ? ಪಾಪ, ಬಡವ. ತಗಡಿನ ಶೆಡ್ಡಿನಾಗ ನೆಲದ ಮ್ಯಾಲೆ ಮಲಗ್ತಾರ. ಹಾಸಾಕ ಬೇಕಾಗಿರ್ತೈತಿ, ಒಯ್ದಾನ. ನಾ ಕ್ಷಮಾ ಮಾಡೀನಿ.’

ಹಾಗೆ ಅಂದಾಗ ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು. ಅವ್ವ ಮಾತ್ರ ‘ನಿಮ್ಮಪ್ಪನ ಧೋತ್ರ ಐತಿ ಅದರಾಗ’ ಎಂದು ಹೇಳಿ ಟ್ರಂಕಿನ ಮುಚ್ಚಳ ಹಾಕಿದಳು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು.

ಬುಧವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸೆಕ್ರೆಟರಿ ರಾಜಲಿಂಗಂ ಗಾರು ಸಿಕ್ಕರು. ಬ್ಯಾಂಕಿನಿಂದ ನಿವೃತ್ತರಾದವರು. ಅಮರಯ್ಯ ನಿಮ್ಮ ಕಡೆಯವನಂತಲ್ಲ, ಎಂಥ ಮನುಷ್ಯ ಎಂದು ತೆಲುಗಿನಲ್ಲಿ ಕೇಳಿದರು. ಫ್ಲ್ಯಾಟುಗಳ ಕೀಲಿಕೈ ಅವನ ಕೈಯಲ್ಲಿರುತ್ತದೆ, ಅದಕ್ಕೇ ಕೇಳುತ್ತಿದ್ದೇನೆ ಎಂದರು. ‘ಭಾಳ ಒಳ್ಳೆಯವನು, ಕಷ್ಟಜೀವಿ’ ಎಂದು ನಾನೂ ನನ್ನ ಹರಕು ತೆಲುಗಿನಲ್ಲಿ ಹೇಳಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನನ್ನ ಕ್ಷಮೆ ಮನೆಯ ಇಬ್ಬರು ಹೆಂಗಸರಿಗೆ ಮಾತ್ರ ಗೊತ್ತಾಗಿ ವ್ಯರ್ಥವಾಗುತ್ತಿತ್ತು. ‘ಸಾಮಾನು ಏರಿಸುವಾಗ ನಮ್ಮದೊಂದು ಕೌದಿ ಹೋಯಿತು. ಹಳೇ ಬಟ್ಟೆ, ಬಿಡಿ. ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ’ ಎಂದು ಸೇರಿಸಿದೆ. ರಾಜಲಿಂಗಂ ಗಾರು ಒಮ್ಮೆ ತಲೆಯಾಡಿಸಿ ಕೆಳಗಿಳಿದರು. ನಾನು ಬಹಳ ದೊಡ್ಡ ಮನುಷ್ಯನಂತೆ ಬಸ್ಸು ಹತ್ತಿದೆ.

ಗುರುವಾರ ಸಂಜೆ ಯಂಕಮ್ಮ ಬಂದಳು. ಕಂಕುಳಲ್ಲಿ ಮಡಚಿದ ಕೌದಿ ಇತ್ತು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕೂತು ಅದನ್ನು ಅವ್ವನ ಮುಂದೆ ಹಾಸಿದಳು. ‘ಅವ್ವಾರ, ನಮ್ಮ ಶೆಡ್ಡಿನಾಗ ಇರೋ ಕೌದಿ ಇದೊಂದ ರಿ. ನಿಮ್ಮದೇನು ನೋಡ್ರಿ.’

ಅವ್ವ ಅಂಚಿನ ಮೇಲೆ ಬೆರಳಾಡಿಸಿದಳು. ‘ಇದು ನಂದಲ್ಲವ್ವ. ನನ್ನ ಹೊಲಿಗಿ ಇಷ್ಟು ಸಣ್ಣದಿಲ್ಲ. ಯಾರು ಹೊಲದಾರ?’

‘ನಮ್ಮವ್ವ ಹೊಲದಾಳ್ರಿ. ಮದುವ್ಯಾಗ ಕೊಟ್ಟಿದ್ಲು.’ ಯಂಕಮ್ಮ ಕೌದಿಯ ಮೇಲೆ ಕೈಯಿಟ್ಟಳು. ‘ಸೆಕ್ರೆಟರಿ ಸಾಹೇಬ್ರು ಬ್ಯಾರೆಯವ್ರನ್ನ ನೋಡಾಕತ್ತಾರಂತ್ರಿ. ಕಳ್ಳರು ಅಂತ ಊರಾಗ ಯಾರೂ ನಮಗ ಅಂದಿಲ್ಲ ರಿ ಇಲ್ಲೀತನ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಸರ್ರ, ನಮ್ಮ ಮನ್ಯಾನವ್ರು ಹೇಳ್ಯಾರ, ಅವತ್ತ ಫ್ರಿಜ್ಜಿಂದು…’

ನಾನು ಅಂಗೈ ಎತ್ತಿ ತಡೆದೆ. ‘ಯಂಕಮ್ಮ, ಆ ಮಾತು ಬ್ಯಾಡ. ನಾ ಆಗಲೇ ಮರ್ತುಬಿಟ್ಟೀನಿ.’

ಅವಳು ಕೌದಿ ಮಡಚಿಕೊಂಡಳು. ಅವ್ವ ಚಹಾ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ.

‘ನೋಡ್ದೇನು, ತಪ್ಪು ಮಾಡಿದವರಿಗೆ ಒಳಗ ಚುಚ್ಚತೈತಿ’ ಎಂದು ಶೈಲಾಗೆ ಹೇಳಿದೆ. ಶೈಲಾ ಚಪಾತಿ ಲಟ್ಟಿಸುತ್ತಿದ್ದಳು. ‘ನಿಮ್ಮ ಕಾರ್ಖಾನ್ಯಾಗ ಪೆಟ್ಟಿಗಿ ತಗದು ನೋಡ್ದೇನೇ ಕೆಂಪು ಚೀಟಿ ಹಚ್ತೀರೇನ್ರಿ?’ ಎಂದಳು. ಅದು ಬೇರೆ, ಇದು ಬೇರೆ ಅಂದೆ. ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ, ನನ್ನ ಪುಣ್ಯ.

ಶುಕ್ರವಾರ ನನ್ನನ್ನು ಕೇಳದೆ ಅವಳು ಮೆಕ್ಯಾನಿಕ್‌ನನ್ನು ಕರೆಸಿದಳು. ಹಫೀಜ್‌ಪೇಟೆಯ ಒಬ್ಬ ವಯಸ್ಸಾದ ಸಾಯಬರು. ಫ್ರಿಜ್ಜಿನ ಪಕ್ಕಕ್ಕೆ ಅಂಗೈ ಇಟ್ಟು ನೋಡಿ, ‘ಬಾಡಿ ಬಹುತ್ ಗರಮ್ ಹೈ ಸಾಬ್. ಪೀಛೇ ದೇಖ್ನಾ ಪಡ್ತಾ’ ಎಂದರು. ಹಿಂದೆ ನೋಡಬೇಕಾದರೆ ಮುಂದಕ್ಕೆ ಎಳೆಯಬೇಕು. ಎಳೆದರೆ ನನ್ನ ಮಟ್ಟ ಕೆಡುತ್ತದೆ. ಕೂಡದು ಅಂದೆ. ನಾಲ್ಕು ದಿನದ ಹಾಳೆ ಅವರ ಮುಂದೆ ಹಿಡಿದು, ಗ್ಯಾಸು ಸೋರಿದೆ, ತುಂಬಿಸಿಬಿಡಿ ಎಂದೆ. ಹಿಂದೆ ನೋಡದೆ ನಾನು ಗ್ಯಾಸು ಹಾಕುವವನಲ್ಲ ಎಂದು ಅವರು ಹಿಂದಿಯಲ್ಲಿ ಹೇಳಿ, ಕಾಲಿಗೆ ಹಚ್ಚಿದ ನೇಲ್ ಪಾಲಿಶನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಮ್ಮ ಫ್ರಿಜ್ಜಿನ ಉಗುರುಬೆಚ್ಚಗಿನ ನೀರು ಒಂದು ಲೋಟ ಕುಡಿದು, ಚೀಲ ಹೆಗಲಿಗೇರಿಸಿ ಹೋದರು.

ಶನಿವಾರ ನನಗೆ ರಜೆ. ಬೆಳಗಿನ ಹತ್ತರ ಸುಮಾರಿಗೆ ಅವ್ವ ಥರ್ಮಾಮೀಟರ್ ನೋಡಿ ಹಾಳೆಯಲ್ಲಿ ಹತ್ತೊಂಬತ್ತು ಎಂದು ಬರೆದಳು. ಬಾಗಿಲು ಮುಚ್ಚಿದ ಮೇಲೆ, ಸಣ್ಣ ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ, ಹಿಂಗೈಯನ್ನು ಫ್ರಿಜ್ಜಿನ ಪಕ್ಕಕ್ಕೆ ಇಟ್ಟಳು.

‘ಕಾಶಿ, ಇದಕ್ಕ ಜ್ವರ ಬಂದಾವಲ್ಲೋ.’

ನಾನು ನಕ್ಕೆ. ಅವಳನ್ನು ಕೂರಿಸಿಕೊಂಡು ವಿವರಿಸಿದೆ. ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ ಅವ್ವ, ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ. ಅದರ ಬೆನ್ನ ಮೇಲೆ ಕರಿ ತಂತಿಯ ಜಾಲರಿ ಇರುತ್ತದೆ, ಒಳಗಿನ ಬಿಸಿ ಅಲ್ಲಿಗೆ ಬಂದು ಗಾಳಿಗೆ ಹೋಗುತ್ತದೆ. ಗಾಳಿಗೆ ಹೋದಷ್ಟೂ ಒಳಗೆ ತಂಪು. ಅವ್ವ ಗಮನವಿಟ್ಟು ಕೇಳಿದಳು. ಆಮೇಲೆ ಎದ್ದು, ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯನ್ನು ಹುಡುಕಿದಳು. ಬೆರಳು ಹೋಗಲಿಲ್ಲ.

‘ಹಿಂದಿಂದ ಗಾಳಿಗೆ ಹೋಗತೈತಿ ಅಂತಿ. ಹಿಂದ ಗಾಳಿ ಎಲ್ಲೈತೋ?’

ಶೈಲಾ ಒಳಗಿನಿಂದ ನೇಲ್ ಪಾಲಿಶ್ ಒರೆಸುವ ಬಾಟಲಿ ತಂದು ನನ್ನ ಕೈಗೆ ಕೊಟ್ಟಳು. ನಾನು ಮತ್ತೆ ನೆಲಕ್ಕೆ ಕೆನ್ನೆ ಹಚ್ಚಿ, ನಾನೇ ಹಚ್ಚಿದ ನಾಲ್ಕು ಬೊಟ್ಟುಗಳನ್ನು ಒರೆಸಿದೆ. ಇಬ್ಬರೂ ಸೇರಿ ಫ್ರಿಜ್ಜನ್ನು ಮುಂದಕ್ಕೆ ಎಳೆದೆವು.

ಕೌದಿ ಅಲ್ಲಿತ್ತು. ಜಾಲರಿಯ ತುಂಬ, ಅಂದವಾಗಿ ಇಳಿಬಿದ್ದಿತ್ತು. ಅದರ ಮೇಲಿನ ಎರಡೂ ಮೂಲೆಗಳನ್ನು ಜಾಲರಿಗೆ ಸುತಳಿಯಿಂದ ಕಟ್ಟಲಾಗಿತ್ತು. ಗಂಟು ನನ್ನದೇ. ವಿಭಾಗದಲ್ಲಿ ಮೂರೇ ಜನರಿಗೆ ಬರುವ ಗಂಟು.

ಅವ್ವ ಅದನ್ನು ಬಿಚ್ಚಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಒಲೆಯ ಪಕ್ಕ ಒಣಗಿಸಿದಷ್ಟು ಬಿಸಿಯಾಗಿತ್ತು. ಅಪ್ಪನ ಧೋತರದ ತುಂಡು ಇದ್ದ ಕಡೆಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು, ಆದರೆ ಬೇರೆ ಕಾರಣಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಕಣ್ಣೊರೆಸಿಕೊಂಡು ಹೇಳಿದಳು: ‘ಜ್ವರ ಬಂದೋರಿಗೆ ಕೌದಿ ಹೊಚ್ಚಿ, ಮೈ ಯಾಕ ತಣ್ಣಗಾಗವಲ್ದು ಅಂತ ಐದು ದಿನ ಬರಕೊಂತ ಕುಂತಿದ್ದಿ. ಮೊದಲು ಹೋಗಿ ಆ ಅಮರಯ್ಯನ ಕಾಲಿಗೆ ಬೀಳು.’

ಗೋಡೆಯಿಂದ ಒಂದು ಗೇಣು ದೂರ, ಮಟ್ಟ ಗಿಟ್ಟ ಏನೂ ಇಲ್ಲದೆ ಫ್ರಿಜ್ಜು ನಿಂತಿತು. ಸಂಜೆ ಐದಕ್ಕೆ ಒಳಗೆ ಆರು ಡಿಗ್ರಿ. ಮೋಟಾರು ವಾರದಲ್ಲಿ ಮೊದಲ ಸಲ ತನ್ನಷ್ಟಕ್ಕೆ ತಾನು ನಿಂತಿತು. ಮನೆಯಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ ಪಕ್ಕದ ಸೈಟಿನ ಮಾತು ಒಳಗೆ ಕೇಳಿಸಿತು. ಶೈಲಾ ತಣ್ಣೀರು ಕೊಟ್ಟಳು. ಲೋಟ ಕೆಳಗಿಟ್ಟು ಮೆಟ್ಟಿಲಿಳಿದೆ.

ಶೆಡ್ಡಿನ ಮುಂದೆ ಅಮರಯ್ಯ ಡ್ರಮ್ಮಿನ ನೀರಲ್ಲಿ ಕೈಗಂಟಿದ ಸಿಮೆಂಟು ತೊಳೆಯುತ್ತಿದ್ದ. ಯಂಕಮ್ಮ ನನ್ನನ್ನು ಕಂಡು ಒಳಗೆ ಹೋದಳು.

‘ಕೌದಿ ಸಿಕ್ತು ಅಮರಯ್ಯ’ ಅಂದೆ.

‘ಫ್ರಿಜ್ಜಿನ ಹಿಂದ?’ ಎಂದ ಅವನು, ಕೈ ತೊಳೆಯುತ್ತಲೇ.

‘ನಿನಗ ಗೊತ್ತಿತ್ತೇನು?’

‘ಅವತ್ತ ಕೇಳಿದ್ನಲ್ರಿ, ಬಿಚ್ಚಲೇನು ಅಂತ. ನೀವು ಆಮ್ಯಾಲ ಬಿಚ್ಚೀರಿ ಅಂದ್ಕೊಂಡಿದ್ದೆ. ಕೌದಿ ಹೋಗೈತಿ ಅಂತ ಕೇಳಿದ ಮ್ಯಾಲೆ, ಅಲ್ಲೇ ಇರಬೇಕು ಅನ್ನಿಸ್ತು. ಇಕಿನ್ನ ಕಳಿಸಿದೆ. ಇಕಿಗೂ ನೀವು ಮಾತಾಡಾಕ ಬಿಡಲಿಲ್ಲಂತ.’

‘ನೀನ ಬಂದು ಹೇಳಬೇಕಿಲ್ಲೇನೋ?’ ನನ್ನ ಬಾಯಿಂದ ಇಂಥ ಮಾತು ಆಗಲೂ ಬಂತು, ನೋಡಿ.

ಅಮರಯ್ಯ ಕೈ ಕೊಡವಿ ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ. ‘ಕಳುವು ಮಾಡೀಯೇನು ಅಂತ ನೀವು ಕೇಳಿದ್ರ, ಇಲ್ಲ ಅಂತ ಹೇಳ್ತಿದ್ದೆ ರಿ. ನೀವು ಕೇಳ್ಲೇ ಇಲ್ಲ. ಸೀದಾ ಕ್ಷಮಾ ಮಾಡಿಬಿಟ್ರಿ. ಅದಕ್ಕ ಏನಂತ ಉತ್ತರ ಕೊಡಬೇಕ್ರಿ?’

ತಪ್ಪಾಯಿತು ಅಂದೆ. ಇರಲಿ ಬಿಡ್ರಿ ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ‘ನನಗ ಹೇಳಿದ್ರ ಏನು ಬಂತ್ರಿ? ನಾಳೆ ಹತ್ತಕ್ಕ ಕೆಳಗ ಎಲ್ಲಾರೂ ಕೂಡ್ತಾರ’ ಎಂದ.

ಮೆಟ್ಟಿಲು ಹತ್ತುವಾಗಲೇ ನನ್ನ ತಲೆ ಒಳದಾರಿ ಹುಡುಕತೊಡಗಿತು. ರಾಜಲಿಂಗಂ ಗಾರು ಒಬ್ಬರನ್ನೇ ಕಂಡು ‘ಕೌದಿ ಸಿಕ್ಕಿತು’ ಎಂದು ಹೇಳಿಬಿಟ್ಟರೆ? ಎಲ್ಲಿ ಎಂದು ಕೇಳಿದರೆ ಬಟ್ಟೆಯ ಗಂಟೊಂದರಲ್ಲಿತ್ತು ಅಂದರಾಯಿತು. ಶೈಲಾಗೆ ಹೇಳಿದೆ. ‘ಹಂಗಂದ್ರ, ಹೆದರಿ ತಂದು ಇಟ್ಟಾನ ಅಂತಾರ್ರಿ ಮಂದಿ’ ಎಂದಳು. ಹೌದು. ಅವನ ಮೇಲಿನ ಆರೋಪ ಹೋಗಬೇಕಾದರೆ ನಾನು ಪೂರ್ತಿ ಸಿಕ್ಕಿಬೀಳಬೇಕಿತ್ತು. ಗಂಟು, ನೇಲ್ ಪಾಲಿಶು, ಐದು ದಿನದ ಹಾಳೆ, ಮೈನಸ್ ನಲವತ್ತು, ಎಲ್ಲದರ ಸಮೇತ.

ಭಾನುವಾರ ಹತ್ತಕ್ಕೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಇಪ್ಪತ್ತು ಜನ ಇದ್ದರು, ಹೆಚ್ಚಿನವರು ಸಾಫ್ಟ್‌ವೇರಿನ ಹುಡುಗರು. ಕಂಬದ ಪಕ್ಕ ಅಮರಯ್ಯ ನಿಂತಿದ್ದ. ಯಂಕಮ್ಮ ಗೇಟಿನಾಚೆ ಇದ್ದಳು. ರಾಜಲಿಂಗಂ ಗಾರು ಬೇರೊಬ್ಬನ ಹೆಸರು ಹೇಳಲು ಬಾಯಿ ತೆರೆದಾಗ ನಾನು ಕೌದಿ ಹಿಡಿದುಕೊಂಡು ಎದ್ದು ನಿಂತೆ. ಹಿಂದಿ, ತೆಲುಗು ಎರಡರಲ್ಲೂ ತಡವರಿಸುತ್ತ ಎಲ್ಲ ಹೇಳಿದೆ. ಮಟ್ಟಗೋಲಿಗೆ ಒಬ್ಬಿಬ್ಬರು ನಕ್ಕರು. ನೇಲ್ ಪಾಲಿಶಿಗೆ ಮುಂದಿನ ಸಾಲು ಪೂರ್ತಿ ನಕ್ಕಿತು. ಗಂಟಿನ ವಿಷಯ ಹೇಳಿದಾಗ ರಾಜಲಿಂಗಂ ಗಾರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಂದಿನಿಂದ ಒಬ್ಬ ಹುಡುಗ, ‘ಸರ್, ತಾವು ಕೆಲಸ ಮಾಡುವುದು ಎಲ್ಲಿ?’ ಎಂದು ಕೇಳಿದ. ಅದನ್ನೂ ಹೇಳಿದೆ. ಅವರು ನಗುವುದನ್ನು ನಿಲ್ಲಿಸಲು ಎರಡು ನಿಮಿಷ ಬೇಕಾಯಿತು. ನಾನೂ ನಕ್ಕೆ. ಅಷ್ಟೊತ್ತಿಗೆ ನನಗೆ ಅದರಲ್ಲೂ ಒಂದು ರುಚಿ ಹತ್ತಿತ್ತು, ನಿಜ ಹೇಳಬೇಕೆಂದರೆ.

ರಾಜಲಿಂಗಂ ಗಾರು ಕೀಲಿಕೈ ಗೊಂಚಲನ್ನು ಅಮರಯ್ಯನ ಕಡೆ ಚಾಚಿದರು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ.

‘ಸರ್ರ, ಒಂದು ಬಿಟ್ರಿ’ ಎಂದು ನನಗೆ ಕನ್ನಡದಲ್ಲಿ ಹೇಳಿದ. ‘ನಾ ಕೇಳಿದ್ದು ಹೇಳ್ರಿ.’

ಅವನು ಹೇಳಿದ್ದು ಸರಿ. ನನ್ನನ್ನು ಪೆದ್ದನೆಂದು ತೋರಿಸುವ ಎಲ್ಲವನ್ನೂ ಹೇಳಿದ್ದೆ. ಅದೊಂದನ್ನು ಮಾತ್ರ ಬಿಟ್ಟಿದ್ದೆ. ಗೋಡೆಗೆ ಹಚ್ಚುವ ಮೊದಲೇ, ಕೌದಿ ಬಿಚ್ಚಲೇ ಎಂದು ಇವನು ನನ್ನನ್ನು ಕೇಳಿದ್ದ ಎಂದು ಸಭೆಗೆ ಹೇಳಿದೆ. ಇದಕ್ಕೆ ಯಾರೂ ನಗಲಿಲ್ಲ. ಆ ಮೌನ ತಡೆಯಲಾಗದೆ, ‘ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ’ ಎಂದು ಸೇರಿಸಿದೆ. ಅಮರಯ್ಯ ನನ್ನನ್ನೇ ನೋಡಿದ. ಇನ್ನೊಮ್ಮೆ ತಿದ್ದುತ್ತಾನೆ ಅಂದುಕೊಂಡೆ. ತಿದ್ದಲಿಲ್ಲ. ಕೀಲಿಕೈ ತೆಗೆದುಕೊಂಡ.

ಅವತ್ತಿನಿಂದ ಈ ಅಪಾರ್ಟ್‌ಮೆಂಟಿಗೆ ಯಾರು ಹೊಸದಾಗಿ ಬಂದರೂ, ಅವರ ಫ್ರಿಜ್ಜು ಮೆಟ್ಟಿಲು ಹತ್ತುವ ಮೊದಲು ಅಮರಯ್ಯ ಅವರನ್ನು ನಮ್ಮ ಮನೆಗೆ ಕಳಿಸುತ್ತಾನೆ. ನಾನು ಈ ಕತೆ ಹೇಳುತ್ತೇನೆ, ಅವರು ನಗುತ್ತಾರೆ. ಕೆಲವು ಸಲ ಅವನೂ ಬಾಗಿಲಲ್ಲಿ ನಿಂತು ಕೇಳುತ್ತಾನೆ. ಕೇಳಿಸಲಿಲ್ಲ ಎನ್ನುವ ಜಾಗ ಬಂದಾಗ ಮುಖ ಆಚೆ ತಿರುಗಿಸುತ್ತಾನೆ.

ಮೇಲೆ ನಾನು ‘ಅಮರಯ್ಯ ಏನೋ ಕೇಳಿದ’ ಎಂದು ಬರೆದಿದ್ದೇನೆ. ಏನೋ ಅಲ್ಲ. ‘ಕೌದಿ ಬಿಚ್ಚಲೇನ್ರಿ ಸರ್ರ?’ ಎಂದು ಕೇಳಿದ್ದ. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿದ್ದಕ್ಕೇ ತಾನೆ, ಹಿಂದಿಂದು ನಾ ನೋಡ್ಕೋತೀನಿ ಎಂದು ಉತ್ತರ ಕೊಟ್ಟಿದ್ದು.